ಸದ್ದಿಲ್ಲದ ಪ್ಯಾಸೇಜು

“ವ್ಯಂಗ್ಯ,” ಎಂದಳು ಸುಪ್ರಜಾ.

ವೆಂಕಟಾಚಲ ಕನ್ನಡಕ ತೆಗೆದು ಸೊಸೆಯನ್ನೇ ನೋಡಿದರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟು ನಿವೃತ್ತರಾದ ಮನುಷ್ಯ ಅವರು. “ಸರಿಯಾಗಿ ಓದಮ್ಮ. ಕೆರೆ ಕ್ಲೀನ್ ಮಾಡಿದವರನ್ನ ಲೇಖಕರು ಬಾಯ್ತುಂಬ ಹೊಗಳ್ತಿದಾರೆ. ಇಷ್ಟು ಬೇಗ ಇಷ್ಟು ಒಳ್ಳೇ ಕೆಲಸ ಆಗತ್ತೆ ಅಂತ ಯಾರೂ ಅಂದ್ಕೊಂಡಿರ್ಲಿಲ್ಲ ಅಂತಾರೆ. ಈಗ ಹೇಳು, ಟೋನು ಯಾವುದು?”

“ವ್ಯಂಗ್ಯಾನೇ ಮಾವ. ಇಷ್ಟೊಂದು ಹೊಗಳಿದ್ರೆ ಇನ್ನೇನಿರತ್ತೆ?”

ಬ್ಯಾಂಕಿನಲ್ಲಿ ಕ್ಲರ್ಕ್ ಆಗಿದ್ದ ಸುಪ್ರಜಾ ಆಫೀಸರ್ ಆಗಬೇಕಾದರೆ ಈ ಪರೀಕ್ಷೆ ಪಾಸಾಗಲೇಬೇಕಿತ್ತು. ಲೆಕ್ಕದಲ್ಲಿ ಅವಳನ್ನು ಮೀರಿಸುವವರಿಲ್ಲ. ಹಿಂದೆ ಬರೆದ ಎರಡು ಸಲವೂ ಕೈಕೊಟ್ಟದ್ದು ಇಂಗ್ಲಿಷು, ಅದರಲ್ಲೂ ಲೇಖಕರ ಧಾಟಿ ಯಾವುದೆಂದು ಕೇಳುವ ಆ ಹಾಳು ಪ್ರಶ್ನೆಗಳು. ಸಾರ್ಕ್ಯಾಸ್ಟಿಕ್, ನಾಸ್ಟಾಲ್ಜಿಕ್, ಇಂಡಿಫರೆಂಟ್ ಎಂದು ಪದಗಳೇನೋ ಬಾಯಿಪಾಠವಾಗಿದ್ದವು. ಆದರೆ ಯಾವ ಪ್ಯಾಸೇಜು ಕೊಟ್ಟರೂ ಅವಳಿಗೆ ಕೇಳಿಸುತ್ತಿದ್ದದ್ದು ವ್ಯಂಗ್ಯ ಒಂದೇ. ಈ ಸಲ ತಪ್ಪಿದರೆ ಮತ್ತೆ ಅವಕಾಶವಿಲ್ಲ.

“ಓದ್ಲಿ, ಓದ್ಲಿ. ಹುಳಿ ನಾನೇ ಮಾಡ್ತೀನಿ. ನನಗೇನು ಹೊಸದಾ?” ಅಡುಗೆಮನೆಯಿಂದ ಅತ್ತೆ ಅಂಬುಜಮ್ಮನ ದನಿ ಬಂತು. ಹಿಂದೆಯೇ ಕಟ್ಟೆಯ ಮೇಲೆ ಕುಕ್ಕರು ಧಡ್ ಎಂದು ಕೂತಿತು.

“ನೋಡು, ಇದು ಸಹಾನುಭೂತಿ!” ಎಂದು ವೆಂಕಟಾಚಲ ಖುಷಿಯಿಂದ ಬೆರಳೆತ್ತಿದರು. ಇವರ ಸಂಸಾರ ಇಷ್ಟು ವರ್ಷ ಸುಖವಾಗಿ ಸಾಗಿದ್ದು ಹೇಗೆಂದು ಸುಪ್ರಜಾಳಿಗೆ ಆಗ ಅರ್ಥವಾಯಿತು.

“ಮಾವ, ನಿಮಗೆ ಕುಕ್ಕರ್ ಕೇಳಿಸ್ಲಿಲ್ವಾ?”

“ಇನ್ನೂ ಕೂಗೇ ಇಲ್ವಲ್ಲಮ್ಮ.”

“ಕೂಗಿದ್ದಲ್ಲ, ಕೂತಿದ್ದು! ಅತ್ತೆ ಏನಂದ್ರು ಅನ್ನೋದಲ್ಲ, ಪಾತ್ರೆ ಹೇಗಿಟ್ರು ಅನ್ನೋದ್ರಲ್ಲೇ ಎಲ್ಲ ಇರೋದು. ಸೀರೆ ಚೆನ್ನಾಗಿದೆ ಅಂದು ಚಮಚ ಎಸೆದ್ರೆ, ಇಷ್ಟು ದುಡ್ಡು ಸುರಿದ್ಯಾ ಅಂತ. ತವರಿಗೆ ಹೋಗಿ ಬಾ ಅಂದು ಲೋಟ ಕುಕ್ಕಿದ್ರೆ, ಸಾಯಂಕಾಲಾನೇ ಬಂದ್ಬಿಡು ಅಂತ. ಈ ಪುಸ್ತಕದಲ್ಲಿ ಪಾತ್ರೆ ಸದ್ದು ಎಲ್ಲಿಂದ ಬರತ್ತೆ ಹೇಳಿ? ನಾನು ಹೇಗೆ ಕಂಡುಹಿಡೀಲಿ?”

ಅಳು ಬಂದ ರಭಸಕ್ಕೆ ದನಿ ಕೊಂಚ ಜೋರಾಗಿಯೇ ಹೊರಟಿತ್ತು. ಅಡುಗೆಮನೆ ಗಪ್‌ಚಿಪ್. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಂಬುಜಮ್ಮ ಬಾಗಿಲಲ್ಲಿ ಬಂದು ನಿಂತರು. ಸುಪ್ರಜಾ ನಾಲಿಗೆ ಕಚ್ಚಿಕೊಂಡಳು.

“ಪುಸ್ತಕದಲ್ಲಿ ಸದ್ದೇ ಇಲ್ವಾ?”

“ಇಲ್ಲ ಅತ್ತೆ.”

“ಹಾಗಾದ್ರೆ ಹೇಳಿದ್ದು ಹೇಳಿದ ಹಾಗೇನೇ. ಹೊಗಳಿದ್ರೆ ಹೊಗಳಿದ್ದು, ಬೈದ್ರೆ ಬೈದದ್ದು. ಪಾಪ, ಆ ಲೇಖಕರಿಗೆ ಪಾತ್ರೆ ಕುಕ್ಕೋಕೆ ಯಾರು ಬಿಡ್ತಾರೆ?” ಎಂದು ಅಂಬುಜಮ್ಮ ಒಳಗೆ ಹೋದರು. ಆಮೇಲೆ ಹುಳಿ ಕುದಿಯುವ ಸದ್ದು ಬಿಟ್ಟರೆ ಇನ್ನೇನೂ ಬರಲಿಲ್ಲ.

ಪರೀಕ್ಷೆಯ ದಿನ ಸುಪ್ರಜಾ ಒಂದೊಂದು ಪ್ಯಾಸೇಜನ್ನೂ ಓದಿ ಕಿವಿಗೊಟ್ಟಳು. ಕುಕ್ಕರಿಲ್ಲ, ಚಮಚವಿಲ್ಲ. ಹೊಗಳಿದ ಕಡೆಯಲ್ಲೆಲ್ಲ ಮೆಚ್ಚುಗೆ ಎಂದೇ ಗುರುತು ಹಾಕಿ, ದೇವರ ಮೇಲೆ ಭಾರ ಹಾಕಿ ಬಂದಳು.

ಫಲಿತಾಂಶ ಬಂದ ಸಂಜೆ ವೆಂಕಟಾಚಲ ಗಾಂಧಿ ಬಜಾರಿಗೆ ಓಡಿ ಮಲ್ಲಿಗೆ ಹೂವೂ ಮೈಸೂರು ಪಾಕೂ ತಂದರು. ಸೊಸೆ ಪಾಸಾಗಿದ್ದಳು! ಅಂಬುಜಮ್ಮ ಕಾಫಿ ಹಿಡಿದು ಹಜಾರಕ್ಕೆ ಬಂದರು. ಯಾರಿಗೇ ಆಗಲಿ, ಕಾಫಿಯನ್ನು ಟೀಪಾಯಿಯ ಮೇಲೆ ಇಟ್ಟು ಹೋಗುವುದು ಅವರ ಪದ್ಧತಿ. ಆ ಮನೆಯ ಎಷ್ಟೋ ತೀರ್ಪುಗಳು ಹೊರಬಿದ್ದದ್ದು ಆ ಟೀಪಾಯಿಯ ಮೇಲೆಯೇ.

“ತುಂಬ ಸಂತೋಷ ಆಯ್ತಮ್ಮ. ಇನ್ಮೇಲೆ ನಮ್ಮನೇಲೂ ಒಬ್ಬರು ಆಫೀಸರು,” ಎಂದರು.

ಸುಪ್ರಜಾ ಕಾಫಿ ಲೋಟದ ಕಡೆಗೆ ಕಿವಿಗೊಟ್ಟಳು. ಈಗೀಗ ಈ ಸದ್ದಿನ ವಿದ್ಯೆ ಕಲಿತಿದ್ದ ವೆಂಕಟಾಚಲ ಕೂಡ ಮೈಸೂರು ಪಾಕು ಅಗಿಯುವುದನ್ನು ನಿಲ್ಲಿಸಿ ಕಿವಿ ನಿಮಿರಿಸಿದರು.

ಅಂಬುಜಮ್ಮ ಲೋಟವನ್ನು ಟೀಪಾಯಿಯವರೆಗೂ ತಂದರು. ಇಬ್ಬರ ಮುಖವನ್ನೂ ಒಮ್ಮೆ ನೋಡಿದರು. ಆಮೇಲೆ ಅದನ್ನು ಕೆಳಗಿಡದೆ ಸೊಸೆಯ ಕೈಗೇ ಕೊಟ್ಟರು.