ಹುಲ್ಲಿನ ಹೆಂಟೆ

"ಅಪ್ಪಾ, ಇಲ್ಲಿ ಗಿಡ ನೆಡೋದು ಬ್ಯಾಡ."

ಹೊಂಗೆ ಸಸಿಯನ್ನು ಗುಂಡಿಗೆ ಇಳಿಸುತ್ತಿದ್ದ ಬೀರಪ್ಪನ ಕೈ ಹಾಗೇ ನಿಂತಿತು. ಬೀರೂರಿನಾಚೆಯ ಈ ಕಾವಲಿನ ಹುಲ್ಲುಬಯಲಲ್ಲೇ ಅವನ ಹೆಂಡತಿ ದ್ಯಾವಮ್ಮ ಜೀವಮಾನವೆಲ್ಲ ಕುರಿ ಮೇಯಿಸಿದ್ದಳು. ಸತ್ತವರ ಹೆಸರಲ್ಲಿ ಒಂದು ಗಿಡ ನೆಡುವುದು ಅವರ ಮನೆಯ ಪದ್ಧತಿ.

"ನಿಮ್ಮವ್ವನ ಗಿಡ ಕಣೇ ಇದು," ಎಂದ. "ಇಲ್ಲಿದ್ದ ಕಾಡನ್ನ ನಮ್ಮ ಹಿರೀಕ್ರೇ ಕಡ್ದು ಬೋಳು ಮಾಡಿದ್ರು, ಒಂದಾದ್ರೂ ವಾಪಸ್ ನೆಡಬೇಕು ಅಂತಿದ್ಲು."

ಹಳೆಯ ಮಣ್ಣನ್ನು ಪರೀಕ್ಷಿಸುವುದೇ ಮಗಳು ಶ್ರುತಿಯ ಕೆಲಸ. ಅವಳು ಗುಂಡಿಯ ಅಂಚಲ್ಲಿ ಕೂತಳು. "ಯಾರೂ ಕಡ್ದಿಲ್ಲಪ್ಪ. ನಮ್ಮ ಹಿರೀಕ್ರು ಬರೋಕೆ ಎಷ್ಟೋ ಮುಂಚಿನ ಮಣ್ಣಲ್ಲೂ ಇಲ್ಲಿ ಬರೀ ಹುಲ್ಲಿನ ಗುರುತೇ ಸಿಕ್ಕಿದ್ದು. ಅದಕ್ಕೂ ಸಾವಿರಾರು ವರ್ಷ ಮುಂಚೆ ಮಳೆ ಕಮ್ಮಿಯಾಗಿ, ಕಾಡು ತರೀಕೆರೆ ಕಡೆ ಬೆಟ್ಟಕ್ಕೆ ಸರೀತು. ಆನೆ, ಕಾಡುಕೋಣ ಅದರ ಹಿಂದೆ ಹೋದ್ವು. ಇಲ್ಲಿ ಹುಲ್ಲೆಗಳು ಹೆಚ್ಚಿದ್ವು. ಅವಕ್ಕೆ ದೂರದವರೆಗೂ ಕಾಣ್ಬೇಕು. ಮರ ಅಡ್ಡ ಬಂದ್ರೆ ನಿಲ್ಲಲ್ಲ."

ಬೀರಪ್ಪ ತಲೆ ಎತ್ತಿದ. ದೂರದಲ್ಲಿ ಹುಲ್ಲೆಗಳ ಹಿಂಡೊಂದು ಕತ್ತೆತ್ತಿ ಇವರನ್ನೇ ನೋಡುತ್ತಿತ್ತು. ಅದರಾಚೆ, ಆಕಾಶ ನೆಲಕ್ಕೆ ಇಳಿಯುವವರೆಗೂ ಹುಲ್ಲು. ಅವನು ಬಹಳ ಹೊತ್ತು ನೋಡಿದ.

"ಹೌದು ಕಣವ್ವ," ಎಂದ. "ನಿಮ್ಮವ್ವ ಕಾವಲಿನ ಯಾವ ಮೂಲೇಲಿದ್ರೂ ನಂಗೆ ಕಾಣ್ತಿದ್ಲು."

ಸಸಿಯನ್ನು ಮಗಳ ಕೈಗಿತ್ತು ಗುಂಡಿಗೆ ಮಣ್ಣೆಳೆದ. ಬೇರು ಮಣ್ಣು ಸಮೇತ ಅಗೆದು ಪಕ್ಕಕ್ಕಿಟ್ಟಿದ್ದ ಹುಲ್ಲಿನ ಹೆಂಟೆಯನ್ನು ಅದರ ಮೇಲಿಟ್ಟು, ದ್ಯಾವಮ್ಮನನ್ನು ಮಣ್ಣು ಮಾಡಿದ ದಿನದಂತೆಯೇ, ಎರಡೂ ಅಂಗೈಯಿಂದ ಮೆಲ್ಲಗೆ ಒತ್ತಿದ.