ಆಯಿಯ ಕೈ

ದ್ರಾಕ್ಷಿ ಒಣಗಿಸುವ ಶೆಡ್ಡಿನ ಗಂಧಕದ ವಾಸನೆ ಬಂದರೆ ಇಂದಿಗೂ ನನಗೆ ಆಯಿಯ ಕೈ ನೆನಪಾಗುತ್ತದೆ.

ಐಗಳಿ ಊರಿನ ನಮ್ಮ ಶೆಡ್ಡಿನಲ್ಲಿ ಆ ಮಧ್ಯಾಹ್ನ ಇಡೀ ದ್ರಾಕ್ಷಿಯೊಂದು ಎರಡು ವರ್ಷದ ತಮ್ಮನ ಗಂಟಲಿಗೆ ಸಿಕ್ಕಿಕೊಂಡಿತು. ಅಳುವ ದನಿಯೂ ಹೊರಡಲಿಲ್ಲ, ತುಟಿ ನೀಲಿಯಾಗತೊಡಗಿತು. ಅವ್ವ ಅವನ ಬಾಯಿಗೆ ಬೆರಳು ಹಾಕಲು ಹೋದಳು.

"ಬೆರಳ ಹಾಕಬ್ಯಾಡ, ಇನ್ನೂ ಒಳಗ ಹೋಗತೈತಿ! ಕೂಸಿನ್ನ ಇತ್ತ ಕೊಡ," ಎಂದು ಆಯಿ ಓಡಿ ಬಂದಳು. ಅಪ್ಪನ ತಾಯಿಯಾದ ಆಕೆ ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾಗಿದ್ದಳು. ತಮ್ಮನನ್ನು ತೊಡೆಯ ಮೇಲೆ ಬೋರಲು ಹಾಕಿ, ತಲೆ ಕೆಳಗೆ ಮಾಡಿ, ಅಂಗೈಯ ಬುಡದಿಂದ ಬೆನ್ನಿಗೆ ಗುದ್ದಿದಳು. ಆ ಸಪ್ಪಳ ಕೇಳಲಾರದೆ ನಾನು ಕಿವಿ ಮುಚ್ಚಿಕೊಂಡೆ.

"ಹೊಡೀಬ್ಯಾಡ್ರಿ ಅತ್ತಿ, ಸಾಯತಾನ!" ಎಂದು ಅವ್ವ ಆಕೆಯ ಕೈ ಹಿಡಿದಳು. ಆಯಿ ಕೊಡವಿಕೊಂಡು ಮತ್ತೆ ಗುದ್ದಿದಳು. ದ್ರಾಕ್ಷಿ ಹೊರಬಿತ್ತು. ತಮ್ಮ ಕಿರುಚಿ ಅತ್ತ.

ಅವ್ವ ಅವನನ್ನು ಎದೆಗಪ್ಪಿಕೊಂಡು ಅಲ್ಲೇ ಕುಸಿದಳು. ಆಯಿ ಏನೂ ಆಗದವಳಂತೆ ಎದ್ದು ನಲ್ಲಿಯತ್ತ ನಡೆದಳು. ನಾನು ಹಿಂದೆಯೇ ಹೋದೆ. ನಲ್ಲಿ ತಿರುವಲು ಆಕೆಗೆ ಆಗುತ್ತಿರಲಿಲ್ಲ, ಎರಡೂ ಕೈ ನಡುಗುತ್ತಿದ್ದವು.

"ಆಯಿ, ದವಾಖಾನ್ಯಾಗೂ ನಿನ್ನ ಕೈ ಹಿಂಗ ನಡುಗತಿದ್ದೂ ಏನ?"

"ಇಲ್ಲವ್ವಾ. ಅವು ಮಂದಿ ಕೂಸು," ಎಂದಳು. ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ನಿಮ್ಮವ್ವಗ ಹೇಳಬ್ಯಾಡ. ನಲ್ಲಿ ನೀ ತಿರುವು," ಎಂದಳು.