ಹಿಡಿತ ಬಿಡಿ

"ಮನಸ್ಸಿನ ಹಿಡಿತವನ್ನು ಪೂರ್ತಿ ನನಗೆ ಬಿಟ್ಟುಬಿಡಿ," ಎಂದ ಸಂಮೋಹನ ತಜ್ಞ ಹಿತೇಶ್. ಬಲ್ಮಠದ ಮೂರನೇ ಮಾಳಿಗೆಯ ಆ ತಣ್ಣನೆಯ ಕೋಣೆಯಲ್ಲಿ ಕಿಟಕಿಯ ಪಕ್ಕ ಒರಗುವ ಕುರ್ಚಿಯ ಮೇಲೆ ಗಿರಿಯಪ್ಪ ಕಣ್ಣು ಮುಚ್ಚಿಕೊಂಡಿದ್ದರು. ಸೊಸೆ ಸುಪ್ರೀತಾ ಎದುರಿಗೆ ಕೂತಿದ್ದಳು.

ನಿಮಗೆ ನಿದ್ದೆ ಸರಿಯಾಗಿ ಬರುವುದಿಲ್ಲವಲ್ಲ ಎಂಬ ನೆಪ ಹೇಳಿ ಅವಳು ಮಾವನನ್ನು ಕರೆತಂದಿದ್ದಳು. ನಿಜವಾದ ಕಾಯಿಲೆ ಬೇರೆ. ಸುರತ್ಕಲ್‌ನ ಕಾಲೇಜೊಂದರಲ್ಲಿ ಅವಳಿಗೆ ಲ್ಯಾಬಿನ ಕೆಲಸ ಸಿಕ್ಕಿತ್ತು, ಸೋಮವಾರ ಸೇರಬೇಕು, ಮಾವ ಬೇಡವೆಂದಿದ್ದರು. ಬಸ್ಸಿನಲ್ಲಿ ಜೋತಾಡಿಕೊಂಡು ಹೋಗುವ ತ್ರಾಣ ಇವಳ ಕೈಗಿಲ್ಲವಂತೆ. ನಲವತ್ತು ವರ್ಷ ಮೀನುಗಾರಿಕೆ ಬೋಟಿನ ಚುಕ್ಕಾಣಿ ಹಿಡಿದ ತಾಂಡೇಲರಾಗಿ ಇಪ್ಪತ್ತೈದು ಜನರನ್ನು ಕುಣಿಸಿದವರು, ಕಡಲು ಬಿಟ್ಟ ಮೇಲೆ ಮನೆಯನ್ನೇ ಬೋಟು ಮಾಡಿಕೊಂಡಿದ್ದರು. ಗಂಡ ಲತೀಶನಂತೂ ಅಪ್ಪನ ಎದುರು ಕೆಮ್ಮುವುದಕ್ಕೂ ಅಪ್ಪಣೆ ಕೇಳುವವನು. ಹಾಗಾಗಿ ಅವಳು ಹಿತೇಶನಿಗೆ ಮೊದಲೇ ಗುಟ್ಟಾಗಿ ಹೇಳಿಟ್ಟಿದ್ದಳು: ಮಾವ ಮಂಪರಿಗೆ ಜಾರಿದ ಕೂಡಲೇ, ಸೊಸೆ ಕೆಲಸಕ್ಕೆ ಹೋಗಲಿ ಎಂಬ ಮಾತೊಂದನ್ನು ಅವರ ಕಿವಿಯಲ್ಲಿ ಬಿತ್ತಬೇಕು. ಗೋಡೆಯ ತುಂಬ ಸರ್ಟಿಫಿಕೇಟು ತೂಗುಹಾಕಿದ್ದ ಹಿತೇಶ್, ಅದೇನು ಮಹಾ ಎಂದು ನಕ್ಕಿದ್ದ.

ಈಗ ಅವನು ಸ್ವರ ತಗ್ಗಿಸಿದ. "ನೀವು ಕಡಲಿನ ಮೇಲಿದ್ದೀರಿ. ಅಲೆ ಇಲ್ಲ, ಗಾಳಿ ಇಲ್ಲ. ಮೈ ಹಗುರ ಆಗ್ತಾ ಉಂಟು. ದೂರದಲ್ಲಿ ಬಿಳಿ ಹಕ್ಕಿಗಳು ಹಾರ್ತಾ ಉಂಟು..."

ಊರವರಿಗೆಲ್ಲ ನಿದ್ದೆ ತರಿಸಿದ ಪಾಠ ಅದು. ಗಿರಿಯಪ್ಪನವರ ಹುಬ್ಬು ಮಾತ್ರ ಗಂಟಿಕ್ಕಿತು.

"ಹಕ್ಕಿ ಎಷ್ಟುಂಟು?"

ಹಿತೇಶ್ ಗೋಡೆಯ ಸರ್ಟಿಫಿಕೇಟುಗಳತ್ತ ಕಣ್ಣು ಹಾಯಿಸಿದ. ಸುಮಾರು ಉಂಟು ಎಂದು ತಡವರಿಸಿದ.

"ನೀರಿಗೆ ಬೀಳ್ತಾ ಉಂಟಾ? ಯಾವ ಬದಿ?"

"ಬ... ಬಲಬದಿ."

"ಅಡಿಯಲ್ಲಿ ಬಂಗುಡೆ ಮೀನು ಉಂಟು ಮಾರಾಯ, ಎಂತ ನೋಡ್ತಾ ಕೂತದ್ದು? ಬಲೆ ಹಿಡಿ."

ಕಣ್ಣು ಮುಚ್ಚಿಕೊಂಡೇ ಅವರು ಕಿಟಕಿಯ ಪರದೆಯನ್ನು ಬಾಚಿ ಅವನ ಕೈಗೆ ತುರುಕಿದರು. ಬಿರುಗಾಳಿಯಲ್ಲೂ ಬೋಟಿನ ಆಚೆ ತುದಿಗೆ ಮುಟ್ಟುತ್ತಿದ್ದ ಸ್ವರ ಅದು. ಹಿಡಿ ಎಂದರು, ಹಿತೇಶ್ ಹಿಡಿದ. ಎಳಿ ಎಂದರು, ಎಳೆದ. ಸೊಸೆಗೂ ಕೂಗು ಬಿತ್ತು. ತಾನು ಯಾವಾಗ ಎದ್ದೆ, ಇನ್ನೊಂದು ಅಂಚನ್ನು ಯಾವಾಗ ಹಿಡಿದೆ ಎಂಬುದು ಅವಳಿಗೇ ತಿಳಿಯಲಿಲ್ಲ. ಅಂಗೈ ಉರಿಯುತ್ತಿತ್ತು. ಸೋಮವಾರ, ಕೆಲಸ, ಗುಟ್ಟಿನ ಮಾತು ಯಾವುದೂ ನೆನಪಿರಲಿಲ್ಲ. ಕಣ್ಣೆದುರು ಬಲೆಯೊಂದೇ ಇತ್ತು. ಕೊನೆಗೆ ಸರಳು ಸಮೇತ ಪರದೆ ಕಿತ್ತು ನೆಲಕ್ಕೆ ಬಿತ್ತು.

ಆ ಸದ್ದಿಗೆ ಗಿರಿಯಪ್ಪ ಕಣ್ಣು ಬಿಟ್ಟರು. ಸೊಸೆಯ ಕೆಂಪಾದ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇಷ್ಟು ಹಿಡಿತ ಉಂಟಲ್ಲ ನಿನಗೆ. ಬಸ್ಸಿನ ಕಂಬಿ ಯಾವ ಲೆಕ್ಕ? ಸೋಮವಾರದಿಂದ ಕೆಲಸಕ್ಕೆ ಹೋಗು."

"ಆಯ್ತು ಮಾವ," ಎಂದಳು ಸುಪ್ರೀತಾ. ಕುಣಿಯುವಷ್ಟು ಖುಷಿಯಾಯಿತು. ಮರುಗಳಿಗೆಯೇ ಪಿಚ್ಚೆನಿಸಿತು: ಹೋಗಬೇಡ ಎಂದಿದ್ದಾಗಲೂ ಅವಳ ಬಾಯಿಂದ ಬಂದದ್ದು ಇದೇ ಎರಡು ಮಾತು, ಇದೇ ಸ್ವರದಲ್ಲಿ.

ಬಾಗಿಲು ದಾಟುವಾಗ ಹಿಂದಿನಿಂದ ಯಾರೋ ಗಂಟಲು ಸರಿಪಡಿಸಿಕೊಂಡಂತಾಯಿತು. ಪರದೆಯ ತುದಿಯನ್ನು ಎದೆಗೆ ಅವುಚಿಕೊಂಡು ಹಿತೇಶ್ ನಿಂತಲ್ಲೇ ನಿಂತಿದ್ದ.

"ತಾಂಡೇಲರೇ, ನಾನಿನ್ನು ಬಿಡಬಹುದಾ?"